ಹಿತ್ತಲಿನ ಫರ್ಸಿಯ ಕೆಳಗೆ

ಶಿರಹಟ್ಟಿ
೨ ಫೆಬ್ರುವರಿ ೧೯೯೯

ತಮ್ಮ ಕುತುಬುದ್ದೀನನಿಗೆ ಆಪಾಳ ಸಲಾಂ.

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಆರು ವರ್ಷದಿಂದ ನಮ್ಮಿಬ್ಬರ ನಡುವೆ ಸಾವಿನ ಸುದ್ದಿ ಬಿಟ್ಟು ಬೇರೆ ಕಾಗದ ಓಡಾಡಿಲ್ಲವಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಿಶಾತಳ ಮದುವೆ ಗೊತ್ತಾಗಿದೆ. ಹುಡುಗ ಲಕ್ಷ್ಮೇಶ್ವರದ ಮೊಹಸಿನ, ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟಿದ್ದಾನೆ. ಬಕ್ರೀದ್ ಮುಗಿದು ಮೊಹರಂ ಹತ್ತುವುದರೊಳಗೆ, ಏಪ್ರಿಲ್ ಹನ್ನೊಂದರ ಆದಿತ್ಯವಾರ ನಿಕಾಹ್. ಮುನ್ನೂರು ಮಂದಿ ಆಗುತ್ತಾರೆ. ಹೆಂಗಸರು ಎರಡು ದಿನ ಮನೆಯಲ್ಲೇ ಉಳಿಯುವವರು. ಯಾವುದಾದರೂ ಶಾದಿಮಹಲು ಹಿಡಿಯೋಣವೆಂದೆ. ‘ಅಬ್ಬಾ ಬಾಳಿದ ಮನ್ಯಾಗ ಆಗಬೇಕು’ ಎಂದು ನಿಶಾತ ಹಟ ಹಿಡಿದಳು. ಅಂಗನವಾಡಿಯಲ್ಲಿ ನಲವತ್ತು ಮಕ್ಕಳನ್ನು ಸುಮ್ಮನೆ ಕೂರಿಸುವ ನನಗೆ ಇವಳೊಬ್ಬಳನ್ನು ಬಗ್ಗಿಸಲು ಆಗಲಿಲ್ಲ.

ನನಗಿರುವ ಹೆದರಿಕೆ ಒಂದೇ, ಅದು ನಿನಗೂ ಗೊತ್ತು. ಸಂಡಾಸ. ಹಿರಿಯ ಮಗಳು ಅಮೀರಾಳ ಮದುವೆಯ ದಿನ ಹಿರೇವಡ್ಡಟ್ಟಿಯ ಬೀಗರು ಬಂದಿಳಿದು ಒಂದು ತಾಸು ಆಗಿರಲಿಲ್ಲ, ಅದು ಕಟ್ಟಿಕೊಂಡು ನೀರು ಮೇಲೆ ಬಂತು. ಬಚ್ಚಲು ತುಂಬಿತು, ಹಿತ್ತಲು ತುಂಬಿತು, ಡೇಗು ಇಟ್ಟಿದ್ದ ಒಲೆಯ ತನಕ ಹರಿಯಿತು. ಗಂಡಸರಿಗೇನು, ಹಳ್ಳದ ಕಡೆ ಹೋದರು. ರೇಶ್ಮೆ ಸೀರೆ ಉಟ್ಟ ಹೆಂಗಸರು ಪಕ್ಕದ ಮನೆಯ ಅಮೃತವ್ವನ ಹಿತ್ತಲಲ್ಲಿ ತಂಬಿಗೆ ಹಿಡಿದು ಪಾಳಿ ನಿಂತರು. ಅಮೀರಾಳ ಅತ್ತೆ ರೋಶನಬಿ ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ. ಆಡದಿರುವುದೇ ನನಗೆ ಚುಚ್ಚುತ್ತದೆ.

ಅವತ್ತು ನಮ್ಮ ಮನೆಯವರು, ನಿನ್ನ ದುಲ್ಹೆಭಾಯಿ, ಎಲ್ಲರೆದುರು ನಿಂತು ಹೇಳಿದ್ದನ್ನು ನೀನೂ ಕೇಳಿದ್ದೀ. ‘ತಪ್ಪು ನಂದ ಐತ್ರಿ. ಕುತುಬು ದೊಡ್ಡ ಗುಂಡಿ ಮಾಡತೇನಿ ಅಂದಿದ್ದ. ಹಿತ್ತಲ ಜಾಗಾ ಹೋಗತೈತಿ ಅಂತ ನಾನ ಸಣ್ಣದು ಮಾಡಸೇನಿ.’ ಅಂಗಡಿಯ ಹಳೆಯ ಸೈಕಲ್ಲು ಪೇರಿಸಿಡಲು ಜಾಗ ಬೇಕಿತ್ತು ಆ ಮಹಾರಾಯರಿಗೆ! ಆಮೇಲೆ ಊರವರು ನಿನ್ನನ್ನು ಕಂಡು ನಕ್ಕರು, ಸ್ವಂತ ಅಕ್ಕನ ಮನೆಗೇ ಸಣ್ಣ ಗುಂಡಿ ಕಟ್ಟಿದ ಗವಂಡಿ ಅಂತ. ನೀನು ಸಿಟ್ಟಾಗಿ ಈ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟೆ. ಅವರ ಜನಾಜಾಕ್ಕೆ ಬಂದವನು ಕಬರಸ್ತಾನದಿಂದಲೇ ಬಸ್ಸು ಹತ್ತಿದೆ. ನಿನ್ನ ಸಿಟ್ಟು ನ್ಯಾಯವಾದದ್ದೇ. ಅವರು ಹೋಗಿ ಮೂರು ವರ್ಷವಾಯಿತು ಕುತುಬು, ಅವರ ಪರವಾಗಿ ನಾನು ಮಾಫಿ ಕೇಳುತ್ತೇನೆ. ಅವರನ್ನು ಕ್ಷಮಿಸಿಬಿಡು.

ಈಗ ದೊಡ್ಡ ಗುಂಡಿ ತೋಡಿಸಬೇಕೆಂದಿದ್ದೇನೆ. ಇಲ್ಲಿಯ ಗವಂಡಿ ಗೋಣೆಪ್ಪ ಒಪ್ಪಿದ್ದಾನೆ. ಆದರೆ ಹಳೆಯದರ ಬಾಯಿ ಎಲ್ಲಿದೆ ಎಂದೇ ತಿಳಿಯುತ್ತಿಲ್ಲ, ಹಿತ್ತಲ ತುಂಬ ಫರ್ಸಿ ಕಲ್ಲು ಹಾಸಿ ಹೋಗಿದ್ದೀ. ಅದೊಂದನ್ನು ಬರೆದು ತಿಳಿಸು. ಮದುವೆಗೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ನಿನ್ನ ಆಪಾ,
ಶಮಶಾದಬಿ

*

ಬೆಟಗೇರಿ
೯ ಫೆಬ್ರುವರಿ ೧೯೯೯

ಆಪಾಗೆ ಕುತುಬುದ್ದೀನನ ಸಲಾಂ.

ಕಾಗದ ತಲುಪಿತು. ನಿಶಾತಳ ಸುದ್ದಿ ಕೇಳಿ ಸಂತೋಷವಾಯಿತು. ನಾನು ನೋಡಿದಾಗ ಅವಳು ಎರಡು ಜಡೆ ಹಾಕಿಕೊಂಡು ಸಾಲಿಗೆ ಹೋಗುತ್ತಿದ್ದಳು.

ಗುಂಡಿಯ ಬಾಯಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿದೆ. ಸಂಡಾಸದ ಹಿಂಗೋಡೆಯಿಂದ ಮೂಡಣಕ್ಕೆ ಹನ್ನೊಂದು ಅಡಿ ಅಳೆದರೆ ಒಂದು ಚೌಕ ಫರ್ಸಿ ಸಿಗುತ್ತದೆ. ಅದರ ಕೆಳಗೆ ಸಿಮೆಂಟಿನ ಮುಚ್ಚಳ, ಎತ್ತಲು ಎರಡು ಕಬ್ಬಿಣದ ಹಿಡಿಕೆ ಇಟ್ಟಿದ್ದೇನೆ.

ತೆಗೆಯುವಾಗ ಎಚ್ಚರ. ಮುಚ್ಚಳ ಎತ್ತಿ ಒಂದು ದಿನ ಹಾಗೇ ಬಿಡಬೇಕು. ಹತ್ತಿರ ಯಾರೂ ಬೀಡಿ ಹಚ್ಚಬಾರದು. ಏನೇ ಆಗಲಿ, ಯಾರೇ ‘ನಾ ಇಳೀತೇನ್ರಿ’ ಎಂದು ಮುಂದೆ ಬರಲಿ, ಮನುಷ್ಯರನ್ನು ಒಳಗೆ ಇಳಿಸಬೇಡ. ಒಳಗಿನ ಗಾಳಿ ಕಣ್ಣಿಗೆ ಕಾಣದೆ ಉಸಿರು ಕಟ್ಟಿಸುತ್ತದೆ. ಗದಗಿನಿಂದ ಪಂಪು ಇರುವ ಟ್ಯಾಂಕರ್ ಗಾಡಿ ಕಳಿಸುತ್ತೇನೆ, ಪೈಪು ಬಿಟ್ಟು ಎಳೆದುಕೊಂಡು ಹೋಗುತ್ತಾರೆ. ಈ ತಿಂಗಳೇ ಮಾಡಿಸು. ಪೂರ್ತಿ ಬಳಿಯಬೇಡ, ತಳದಲ್ಲಿ ಒಂದು ಗೇಣು ಹಳೆಯ ಕೆಸರು ಉಳಿಯಲಿ. ಅದರಲ್ಲಿರುವ ಕಣ್ಣಿಗೆ ಕಾಣದ ಹುಳವೇ ಹೊಸದನ್ನು ಕರಗಿಸುವುದು. ಫೀನಾಯಿಲು, ಆಸಿಡ್ಡು ಸುರಿದರೆ ಆ ಹುಳ ಸಾಯುತ್ತದೆ. ನೀನು ಶುಚಿ ಶುಚಿ ಎಂದು ದಿನಾ ಫೀನಾಯಿಲು ಸುರಿಯುತ್ತೀ, ನನಗೆ ಗೊತ್ತು.

ಮದುವೆಯ ದಿನ ಸ್ನಾನದ ನೀರು, ಕೈ ತೊಳೆದ ನೀರು ಗುಂಡಿಗೆ ಹೋಗಬಾರದು. ಬೇರೆ ಕಾಲುವೆ ತೆಗೆಸಿ ನುಗ್ಗೆ ಗಿಡದ ಬುಡಕ್ಕೆ ಬಿಡು. ಅಡುಗೆಯವರು ಗಂಜಿ, ಎಣ್ಣೆ, ಅನ್ನ ಚೆಲ್ಲಲು ದೂರದಲ್ಲಿ ಒಂದು ತಗ್ಗು ತೋಡಿಸು. ಹಿತ್ತಲಿನ ಕೊನೆಯಲ್ಲಿ ತಟ್ಟಿ ಕಟ್ಟಿಸಿ ಹೆಂಗಸರಿಗೆ ನಾಲ್ಕು ತಾತ್ಕಾಲಿಕ ಸಂಡಾಸ ಮಾಡಿಸು, ಒಂದೊಂದರಲ್ಲೂ ಬೂದಿ ತುಂಬಿದ ಬುಟ್ಟಿ ಇರಲಿ. ಆಗ ಒಳಗಿನದರ ಮೇಲೆ ಭಾರ ಬೀಳುವುದಿಲ್ಲ.

ಹೊಸ ಗುಂಡಿ ತೋಡಿಸಬೇಡ, ಅಗತ್ಯವಿಲ್ಲ.

ದುಲ್ಹೆಭಾಯಿಯವರ ಪರವಾಗಿ ನೀನು ಮಾಫಿ ಕೇಳಬೇಡ ಆಪಾ. ನನಗೆ ಅವರ ಮೇಲೆ ಸಿಟ್ಟಿಲ್ಲ.

ಇಂತಿ,
ಕುತುಬುದ್ದೀನ

*

ಶಿರಹಟ್ಟಿ
೨೪ ಫೆಬ್ರುವರಿ ೧೯೯೯

ಕುತುಬುಗೆ,

ನೀನು ಹೇಳಿದಲ್ಲೇ ಬಾಯಿ ಸಿಕ್ಕಿತು. ಹನ್ನೊಂದು ಅಡಿಗೆ ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ. ಗೋಣೆಪ್ಪ ‘ಕುತುಬಣ್ಣಂದು ಅಳತಿ ಅಂದ್ರ ಅಳತಿ’ ಎಂದ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಗಾಡಿಯೂ ಬಂದು ಹೋಯಿತು. ಓಣಿಯವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಹಿಡಿದುಕೊಂಡು ಜಾತ್ರೆ ನೋಡುವವರ ಹಾಗೆ ನಿಂತಿದ್ದರು. ಅಮೃತವ್ವ ಮಾತ್ರ ಮನೆಯೊಳಗೆ ಊದಿನಕಡ್ಡಿ ಹಚ್ಚಿಟ್ಟು ಬಂದು ನನ್ನ ಜೊತೆ ನಿಂತಳು.

ಈಗ ಒಂದು ಮಾತು ಕೇಳುತ್ತೇನೆ, ಸರಿಯಾಗಿ ಉತ್ತರ ಕೊಡು.

ಗಾಡಿ ಬರುವ ಮುಂಚೆ ಗೋಣೆಪ್ಪ ಉದ್ದನೆಯ ಗಳ ಇಳಿಬಿಟ್ಟು ಅಳೆದ. ಉದ್ದ ಎಂಟು ಅಡಿ, ಅಗಲ ನಾಲ್ಕು, ಆಳ ಆರು. ಮೀಸೆ ತಿರುವಿ ನನ್ನನ್ನೇ ನೋಡಿದ. ‘ಅಕ್ಕಾರ, ಇದನ್ನ ಸಣ್ಣದು ಅಂದಾವ್ರು ಯಾರ್ರಿ? ಇಪ್ಪತ್ತೈದು ಮಂದಿ ಇರೂ ಮನಿಗೆ ಸಾಕಾಗೂ ಗುಂಡಿ ಐತಿ. ಹದಿಮೂರು ವರ್ಷಾತು, ಕೆಸರು ಅರ್ಧಾನೂ ತುಂಬಿಲ್ಲ’ ಅಂದ.

ಹಾಗಾದರೆ ಅಮೀರಾಳ ಮದುವೆಯ ದಿನ ನೀರು ಮೇಲೆ ಬಂದದ್ದೇಕೆ? ಗುಂಡಿ ಸಣ್ಣದಿಲ್ಲದಿದ್ದರೆ ಇವರು ಮುನ್ನೂರು ಮಂದಿಯ ಎದುರು ಸಣ್ಣದು ಅಂದದ್ದೇಕೆ? ಇಲ್ಲದ ತಪ್ಪನ್ನು ಯಾರಾದರೂ ಮೈಮೇಲೆ ಎಳೆದುಕೊಳ್ಳುತ್ತಾರೆಯೇ?

ನನಗೆ ಎರಡು ದಿನದಿಂದ ಊಟ ಸೇರುತ್ತಿಲ್ಲ. ಬೇಗ ಬರೆ.

ನಿನ್ನ ಆಪಾ,
ಶಮಶಾದಬಿ

*

ಬೆಟಗೇರಿ
೩ ಮಾರ್ಚ್ ೧೯೯೯

ಆಪಾಗೆ ಸಲಾಂ.

ಇಲ್ಲಿ ಬಿಡುವಿಲ್ಲ. ಗದಗ ಜಿಲ್ಲೆಯಾದ ಮೇಲೆ ಕಟ್ಟಡದ ಕೆಲಸ ಮೈಮೇಲೆ ಬಿದ್ದಿದೆ. ಗುತ್ತಿಗೆದಾರ ಚನ್ನಬಸವಣ್ಣನವರು ಮಾರ್ಚ್ ಮುಗಿಯುವುದರೊಳಗೆ ಹನ್ನೆರಡು ಕ್ವಾರ್ಟರ್ಸಿನ ಗಿಲಾವು ಮುಗಿಸಬೇಕೆಂದಿದ್ದಾರೆ. ನಾನು ಅವರ ಕೈಕೆಳಗೆ ದೊಡ್ಡ ಗವಂಡಿ.

ಗುಂಡಿಗೆ ಈಗ ಕಂಠದ ತನಕ ನೀರು ತುಂಬಿಸು. ತಟ್ಟಿ ಕಟ್ಟಲು ಗಳ, ಚಾಪೆ ಈಗಲೇ ಹೇಳಿಡು, ಮದುವೆಯ ಹಂಗಾಮಿನಲ್ಲಿ ಸಿಗುವುದಿಲ್ಲ. ಸಂಡಾಸದ ನಲ್ಲಿ ಸೋರುತ್ತಿದ್ದರೆ ವಾಷರ್ ಬದಲಿಸು, ಹನಿ ಹನಿಯಾಗಿಯೇ ದಿನಕ್ಕೆ ನಾಲ್ಕು ಕೊಡ ಗುಂಡಿಗೆ ಹೋಗುತ್ತದೆ.

ಇಂತಿ,
ಕುತುಬುದ್ದೀನ

*

ಶಿರಹಟ್ಟಿ
೬ ಮಾರ್ಚ್ ೧೯೯೯

ಕುತುಬು,

ನಲ್ಲಿಯ ವಾಷರ್ ನಾನು ಕೇಳಿರಲಿಲ್ಲ.

ಶಮಶಾದಬಿ

*

ಬೆಟಗೇರಿ
೧೨ ಮಾರ್ಚ್ ೧೯೯೯

ಆಪಾ,

ನಿನ್ನ ಕಾರ್ಡು ಅಂಗಿಯ ಕಿಸೆಯಲ್ಲಿ ನಾಲ್ಕು ದಿನ ಇತ್ತು. ಇವತ್ತು ಶುಕ್ರವಾರ, ಕೆಲಸಕ್ಕೆ ಹೋಗಲಿಲ್ಲ. ನಮಾಜು ಮುಗಿಸಿ ಬಂದು ಬರೆಯಲು ಕೂತಿದ್ದೇನೆ.

ಗುಂಡಿಯಲ್ಲಿ ತಪ್ಪಿಲ್ಲ. ತಪ್ಪಿರುವುದು ಪೈಪಿನಲ್ಲಿ, ಅದು ನನ್ನದು.

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಸಾಲು ಕ್ವಾರ್ಟರ್ಸ್ ಕಟ್ಟುವಲ್ಲಿ. ಅಲ್ಲಿ ಯಾರೂ ದಿಕ್ಕು ನೋಡುತ್ತಿರಲಿಲ್ಲ. ಪೈಪು ನೆಟ್ಟಗೆ ಗುಂಡಿಗೆ ಹೋಗುವ ಹಾಗೆ ಪ್ಯಾನು ಕೂರಿಸು, ಅಷ್ಟೇ ಪಾಠ. ನಿನ್ನ ಮನೆಯ ಸಂಡಾಸ ನಾನು ಸ್ವಂತಕ್ಕೆ ಹಿಡಿದ ಮೊದಲ ಕೆಲಸ. ಗುಂಡಿ ಮೂಡಣಕ್ಕಿತ್ತು. ನಾನು ಇಳಿಜಾರು ನೋಡಿದೆ, ದಾರ ಹಿಡಿದೆ, ಪ್ಯಾನು ಕೂರಿಸಿ ಸಿಮೆಂಟು ಹಾಕಿದೆ. ಕೂತವರ ಮುಖ ಪಡುವಣಕ್ಕೆ ಬಂತು.

ನಾವು ನಮಾಜಿಗೆ ತಿರುಗುವುದು ಪಡುವಣಕ್ಕೆ, ಆ ದಿಕ್ಕಿಗೆ ಸಂಡಾಸದಲ್ಲಿ ಮುಖವೂ ಮಾಡಬಾರದು, ಬೆನ್ನೂ ಮಾಡಬಾರದು ಎನ್ನುವುದು ನಮ್ಮ ಮನೆಗಳಲ್ಲಿ ಮಗುವಿಗೂ ಗೊತ್ತು. ಐದು ಹೊತ್ತು ನಮಾಜು ಮಾಡುವ ನನಗೆ ಅದು ಹೊಳೆಯಲಿಲ್ಲ. ಕೆಲಸದ ಹುಮ್ಮಸ್ಸಿನಲ್ಲಿ ನಾನು ಬರೀ ಗವಂಡಿಯಾಗಿದ್ದೆ.

ಸಂಜೆ ದುಲ್ಹೆಭಾಯಿ ಸೈಕಲ್ ಅಂಗಡಿ ಮುಚ್ಚಿ ಬಂದರು. ಒಳಗೆ ಇಣುಕಿದರು. ಅವರು ಬಯ್ಯಲಿಲ್ಲ ಆಪಾ. ಮೆತ್ತಗೆ ‘ಕುತುಬು, ಇದು ಪಡುವಣಕ್ಕ ಆಗೇತಲ್ಲೋ’ ಅಂದರು. ನಮ್ಮ ಅಮ್ಮಿ ಮರುದಿನ ಹೊಸ ಸಂಡಾಸ ನೋಡಲು ಬರುವವಳಿದ್ದಳು. ಓಣಿಯ ಹಿರಿಯರೂ ಬರುವವರಿದ್ದರು. ‘ಯಾರಿಗೂ ಗೊತ್ತಾಗೂದು ಬ್ಯಾಡ. ನಿಂದು ಮೊದಲನೇ ಕೆಲಸ. ಈಗ ತಿರುವಿಬಿಡೂನು’ ಅಂದರು. ಇಬ್ಬರೂ ಸೇರಿ ಹಸಿ ಸಿಮೆಂಟು ಒಡೆದು ಪ್ಯಾನು ತೆಂಕಣಕ್ಕೆ ತಿರುಗಿಸಿದೆವು. ನೀನು ಅವತ್ತು ಚಿಕ್ಕವಳಾದ ನಿಶಾತಳನ್ನು ಕರೆದುಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದೆ.

ಪ್ಯಾನು ತಿರುಗಿತು, ಪೈಪು ತಿರುಗಲಿಲ್ಲ. ಉಳಿದಿದ್ದ ತುಂಡುಗಳಲ್ಲೇ ಜೋಡಿಸಿದೆ. ಮಾರುದ್ದದ ಒಳಗೆ ಎರಡು ಕಡೆ ಮೂಲೆ ಮುರಿದ ಹಾಗೆ ಕಾಟಕೋನದ ತಿರುವು ಬಂತು. ಐದು ಜನರ ಮನೆಗೆ ಅದು ನಡೆಯುತ್ತದೆ. ಒಂದೇ ಬೆಳಿಗ್ಗೆ ನೂರು ಜನ ಬಂದರೆ ಎರಡನೆಯ ತಿರುವಿನಲ್ಲಿ ಕಟ್ಟುತ್ತದೆ. ಅಂಥ ಕಡೆ ಮೇಲೆ ಮುಚ್ಚಳವಿರುವ ಚೇಂಬರ್ ಕಟ್ಟಬೇಕು, ಕಟ್ಟಿಕೊಂಡರೆ ಬಿಡಿಸಲು. ನಾನು ಕಟ್ಟಲಿಲ್ಲ. ಕಟ್ಟಿದ್ದರೆ ಇಲ್ಲಿ ತಿರುವೇಕೆ ಎಂದು ಯಾರಾದರೂ ಕೇಳುತ್ತಿದ್ದರು. ಮೇಲೆ ಫರ್ಸಿ ಹಾಸಿಬಿಟ್ಟೆ.

ದೊಡ್ಡ ಕಾರ್ಯಕ್ರಮದ ಮುಂಚೆ ಬಂದು ಸರಿಮಾಡಿ ಕೊಡುತ್ತೇನೆಂದು ದುಲ್ಹೆಭಾಯಿಗೆ ಮಾತು ಕೊಟ್ಟಿದ್ದೆ. ಅಮೀರಾಳ ಮದುವೆಗೆ ಒಂದು ತಿಂಗಳಿದ್ದಾಗ ಅವರು ಆಗ ನಾನಿದ್ದ ಹುಬ್ಬಳ್ಳಿಗೆ ಖಬರ ಕಳಿಸಿದ್ದರು. ಇವತ್ತು ಹೋದೇನು, ನಾಳೆ ಹೋದೇನು ಎಂದು ನಾನು ಬಂದದ್ದು ಮದುವೆಯ ಹಿಂದಿನ ದಿನ. ಆಗ ಹಿತ್ತಲಲ್ಲಿ ಚಪ್ಪರ ಏರಿತ್ತು. ‘ಆತು ಬಿಡು, ಏನೂ ಆಗೂದಿಲ್ಲ’ ಅಂದರು.

ಮರುದಿನ ನೀರು ಮೇಲೆ ಬಂದಾಗ ಮಂದಿಯಲ್ಲಿ ಯಾರೋ ‘ಯಾವ ಗವಂಡಿ ಕಟ್ಟಿದ್ದಪಾ ಇದು?’ ಎಂದು ಕೂಗಿದರು. ದುಲ್ಹೆಭಾಯಿ ನನ್ನತ್ತ ಒಂದು ಸಲ ನೋಡಿದರು. ಆಮೇಲೆ ನೀನು ಕೇಳಿದ ಆ ಮಾತು ಹೇಳಿದರು. ನಾನು ಮಾತಾಡಬೇಕಿತ್ತು. ನೀನು ಎಲ್ಲರೆದುರು ಅವರನ್ನು ಜಿಪುಣ ಎಂದು ಬಯ್ಯುತ್ತಿದ್ದೆ, ನಾನು ಕಂಬ ಹಿಡಿದು ನಿಂತಿದ್ದೆ.

ನಿನ್ನ ಮನೆಗೆ ಬರದೇ ಇದ್ದದ್ದು ಸಿಟ್ಟಿಗಲ್ಲ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರು ಹೋದ ಮೇಲೆ ನಿನ್ನ ಮುಖ ನೋಡುವ ಧೈರ್ಯವೂ ಇರಲಿಲ್ಲ. ಈಗ ನೀನು ಅವರ ಪರವಾಗಿ ನನ್ನ ಹತ್ತಿರ ಮಾಫಿ ಕೇಳಿದೆ. ಆ ಕಾಗದ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಕುತುಬುದ್ದೀನ

*

ಶಿರಹಟ್ಟಿ
೨೨ ಮಾರ್ಚ್ ೧೯೯೯

ಮಾಮೂ,

ಅಮ್ಮಿಗೆ ಹೇಳದೆ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಬಂದು ಏಳು ದಿನವಾಯಿತು. ಅಮ್ಮಿ ಅದನ್ನು ನಿಂತಲ್ಲೇ ಓದಿದಳು, ಮಡಚಿ ರವಿಕೆಯಲ್ಲಿ ಇಟ್ಟುಕೊಂಡಳು, ಅಂಗನವಾಡಿಗೆ ಹೋಗಿ ಮಕ್ಕಳಿಗೆ ಹಾಡು ಹೇಳಿಕೊಟ್ಟು ಬಂದಳು. ಆಮೇಲೆ ನನಗೂ ಓದಲು ಕೊಟ್ಟಳು. ಬಯ್ಯಲಿಲ್ಲ, ಅಳಲಿಲ್ಲ. ನಮ್ಮ ಅಮ್ಮಿ ಬಯ್ಯದೆ ಇದ್ದರೆ ಮನೆಯಲ್ಲಿ ಎಷ್ಟು ಹೆದರಿಕೆಯಾಗುತ್ತದೆ ನಿಮಗೆ ಗೊತ್ತಲ್ಲ.

ನಿನ್ನೆ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಚಹಾ ಒಯ್ದು ಕೊಟ್ಟೆ. ‘ಸಾಯೂತನಕ ಒಂದ ಮಾತ ಆಡಲಿಲ್ಲಲ್ಲ ನಿಶಾತ, ನಿಮ್ಮ ಅಬ್ಬಾ’ ಅಂದಳು. ಅಷ್ಟೇ.

ನನಗೂ ನಿಮ್ಮ ಮೇಲೆ ಸಿಟ್ಟಿದೆ. ಅಬ್ಬಾನನ್ನು ಜಿಪುಣ ಅಂತ ನಾನೂ ಅಂದುಕೊಂಡಿದ್ದೆ. ಗೆಳತಿಯರ ಹತ್ತಿರ ಆಡಿಕೊಂಡಿದ್ದೆ ಕೂಡ. ಆದರೆ ಮದುವೆಗೆ ಇಪ್ಪತ್ತು ದಿನ ಉಳಿದಿದೆ. ಹಿತ್ತಲಲ್ಲಿ ಫರ್ಸಿ ಕಿತ್ತಿಟ್ಟಿದ್ದಾರೆ. ಗೋಣೆಪ್ಪ ಕಾಕಾನನ್ನು ಅಮ್ಮಿ ಮನೆಗೆ ಕಳಿಸಿದಳು. ‘ಇದನ್ನ ಬ್ಯಾರೆಯವರು ಮುಟ್ಟೂದು ಬ್ಯಾಡ’ ಅಂದಳು. ಬೇರೆಯವರು ಮುಟ್ಟಬಾರದೆಂದರೆ ಯಾರು ಮುಟ್ಟಬೇಕು ಎಂದು ನೀವೇ ಯೋಚನೆ ಮಾಡಿರಿ.

ನಿಶಾತ

*

ಶಿರಹಟ್ಟಿ
೨೪ ಮಾರ್ಚ್ ೧೯೯೯

ಕುತುಬುದ್ದೀನ,

ಹತ್ತು ಕಾಗದ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮುಂಚೆ ಪೆಟ್ಟಿಗೆಗೆ ಹಾಕಿಬಿಡುತ್ತೇನೆ.

ಆ ಮದುವೆಯಾದ ಮೇಲೆ ಮೂರು ವರ್ಷ ಅವರು ಬದುಕಿದ್ದರು. ಆ ಮೂರು ವರ್ಷದಲ್ಲಿ ನಾನು ಏನು ಮಾಡಿದೆ ಎಂದು ಹೇಳುತ್ತೇನೆ, ಕೇಳು. ಅವರಿಗೆ ಮಂದಿಯನ್ನು ಕರೆದು ಉಣ್ಣಿಸುವುದೆಂದರೆ ಪ್ರಾಣ. ಪ್ರತಿ ರಮಜಾನಿನಲ್ಲೂ ಹಿತ್ತಲಲ್ಲಿ ಮೂವತ್ತು ಮಂದಿಗೆ ಇಫ್ತಾರ್ ಮಾಡುತ್ತಿದ್ದರು, ನೆನಪಿದೆಯಲ್ಲ? ನಾನು ನಿಲ್ಲಿಸಿದೆ. ಅಮೀರಾಳಿಗೆ ಗಂಡು ಹುಟ್ಟಿದಾಗ ಅಕೀಕಾದ ಊಟ ನಮ್ಮ ಮನೆಯಲ್ಲಿ ಮಾಡೋಣ ಎಂದರು. ‘ನೀವು ತೋಡಿಸಿದ ಗುಂಡಿ ಎಷ್ಟು ಮಂದಿಗೆ ಹಿಡೀತೈತಿ, ಮೊದಲ ಎಣಿಸಿ ಹೇಳ್ರಿ’ ಅಂದೆ. ಅಳಿಯನ ಎದುರಿಗೇ ಅಂದೆ. ಅವರು ನಕ್ಕು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದರು.

ಕೊನೆಯ ತಿಂಗಳು ಹಾಸಿಗೆ ಹಿಡಿದಿದ್ದಾಗ ದೂರದೂರದಿಂದ ನೋಡಲು ಬರುತ್ತಿದ್ದರು. ಇಲ್ಲಿ ಉಳಿಯಲು ಅನುಕೂಲವಿಲ್ಲ ಎಂದು ನಾನು ಹೊತ್ತಿರುವಾಗಲೇ ಬಸ್ಸು ಹತ್ತಿಸುತ್ತಿದ್ದೆ. ‘ಇನ್ನೊಂದು ಗಳಿಗಿ ಕುಂಡ್ರಲಿ ಬಿಡ’ ಅನ್ನುತ್ತಿದ್ದರು. ನಾನು ಬಿಡಲಿಲ್ಲ. ಮಂದಿ ಬೇಕು ಮಂದಿ ಬೇಕು ಅನ್ನುತ್ತಿದ್ದ ಮನುಷ್ಯ ಖಾಲಿ ಮನೆಯಲ್ಲಿ ಸತ್ತರು.

ಮೊದಲು ನನಗೆ ನಿನ್ನ ಮೇಲೆ ಸಿಟ್ಟು ಬಂತು. ಆಮೇಲೆ ಅವರ ಮೇಲೆ ಬಂತು. ಹೆಂಡತಿಗೆ ಹೇಳಬಾರದಿತ್ತೇ? ನನಗೊಬ್ಬಳಿಗೆ ಹೇಳಿದರೆ ನಿನ್ನ ಮರ್ಯಾದೆ ಹೋಗಿಬಿಡುತ್ತಿತ್ತೇ? ಹೋಗುತ್ತಿತ್ತು. ನನ್ನ ಬಾಯಿ ನನಗೆ ಗೊತ್ತು. ಮೊದಲನೆಯ ಜಗಳಕ್ಕೇ ಹತ್ತು ಮಂದಿಯ ಮುಂದೆ ಆಡಿಬಿಡುತ್ತಿದ್ದೆ. ಅವರಿಗೂ ಅದು ಗೊತ್ತಿತ್ತು. ಈಗ ಸಿಟ್ಟು ತಿರುಗಿ ನನ್ನ ಮೇಲೇ ಬಂದು ಕೂತಿದೆ.

ನೀನು ಬಾ. ಆ ಪೈಪು ನೀನು ಇಟ್ಟದ್ದು, ನೀನೇ ತೆಗೆ. ಇನ್ನೊಂದು ಕೆಲಸವೂ ಇದೆ. ನಿಕಾಹ್ ಮುಗಿದು ಊಟಕ್ಕೆ ಕೂರುವ ಮುಂಚೆ, ಹಿರೇವಡ್ಡಟ್ಟಿಯವರೂ ಇರುವಾಗ, ಎಲ್ಲರೆದುರು ನಿಂತು ನಿಜ ಹೇಳು. ಅವತ್ತಿನ ತಪ್ಪು ನಮ್ಮ ದುಲ್ಹೆಭಾಯಿ ಇಸಾಕ ಅವರದಲ್ಲ, ನನ್ನದು ಎಂದು ನಿನ್ನ ಬಾಯಿಂದ ಹೇಳು. ಅಷ್ಟು ಆಗುವುದಿಲ್ಲವಾದರೆ ಪೈಪಿಗೂ ಬರಬೇಡ. ನಾನು ಮುನ್ನೂರು ಮಂದಿಯನ್ನು ಹಳ್ಳಕ್ಕೇ ಕಳಿಸುತ್ತೇನೆ.

ಶಮಶಾದಬಿ

*

ಬೆಟಗೇರಿ
೩೧ ಮಾರ್ಚ್ ೧೯೯೯

ಆಪಾಗೆ ಸಲಾಂ.

ಬಕ್ರೀದಿನ ಗದ್ದಲದಲ್ಲಿ ಎರಡು ದಿನ ತಡವಾಯಿತು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಚನ್ನಬಸವಣ್ಣನವರಿಗೆ ಒಂದು ವಾರ ಬರುವುದಿಲ್ಲ ಎಂದು ಹೇಳಿದ್ದೇನೆ. ಮುಖ ಗಂಟಿಕ್ಕಿದರು. ಅವರನ್ನೂ ಮದುವೆಗೆ ಕರೆದಿದ್ದೇನೆ. ಅವರೂ ಕೇಳಲಿ.

ಪ್ಯಾನು ಇದ್ದ ಹಾಗೇ ಇರಲಿ. ಅದರಿಂದ ನೆಟ್ಟಗೆ ಗೋಡೆಯಾಚೆ ಪೈಪು ತೆಗೆದು ಅಲ್ಲಿ ಚೇಂಬರ್ ಕಟ್ಟಿ, ಚೇಂಬರಿನಿಂದ ಗುಂಡಿಗೆ ಓರೆಯಾಗಿ ಬಿಡುತ್ತೇನೆ. ಮುಚ್ಚಳ ಫರ್ಸಿಯ ಮೇಲೆ ಕಾಣುವ ಹಾಗೆ ಇರುತ್ತದೆ. ನಾಲ್ಕು ದಿನದ ಕೆಲಸ.

ಇನ್ನೊಂದು ಕೆಲಸದ ಬಗ್ಗೆ ನನ್ನ ಹೆಂಡತಿ ಬೇಡವೆಂದು ಅಳುತ್ತಿದ್ದಾಳೆ. ಗವಂಡಿಗೆ ಹೆಸರು ಬಿಟ್ಟರೆ ಏನಿದೆ ಅನ್ನುತ್ತಾಳೆ. ಆದರೂ ಹೇಳುತ್ತೇನೆ.

ಕುತುಬುದ್ದೀನ

*

ಶಿರಹಟ್ಟಿ
೨೦ ಏಪ್ರಿಲ್ ೧೯೯೯

ಕುತುಬುಗೆ ಆಪಾಳ ಸಲಾಂ, ಮನೆಯವರಿಗೆಲ್ಲ ದುಆ.

ನಿಶಾತ ಲಕ್ಷ್ಮೇಶ್ವರದಿಂದ ಒಂದು ಸಲ ಬಂದು ಹೋದಳು. ಚೆನ್ನಾಗಿದ್ದಾಳೆ. ಮೈಯೆಲ್ಲ ಗ್ರೀಸು ಮಾಡಿಕೊಂಡು ಬರುತ್ತಾನೆ ಎಂದು ಗಂಡನ ಮೇಲೆ ಆಗಲೇ ದೂರು ಹೇಳಿದಳು.

ಎರಡು ದಿನದಲ್ಲಿ ಎಷ್ಟು ಮಂದಿ ಬಂದು ಹೋದರು, ಒಂದು ಸಲವೂ ನೀರು ನಿಲ್ಲಲಿಲ್ಲ. ನೀನು ತಾಸಿಗೊಮ್ಮೆ ಹೋಗಿ ಚೇಂಬರಿನ ಮುಚ್ಚಳ ಎತ್ತಿ ನೋಡುತ್ತಿದ್ದೆ. ವರನ ಕಡೆಯವರು ನಿನ್ನನ್ನು ಬಾವರ್ಚಿ ಎಂದು ತಿಳಿದು ಆ ಮುಚ್ಚಳದ ಕೆಳಗೆ ಏನು ಬೇಯುತ್ತಿದೆ ಎಂದು ನನ್ನನ್ನು ಕೇ‍ಳಿದರು. ನಗು ತಡೆಯಲು ಆಗಲಿಲ್ಲ.

ನೀನು ಗಂಡಸರ ಚಪ್ಪರದಲ್ಲಿ ಎದ್ದು ನಿಂತಾಗ ನಾವು ಪರದೆಯ ಈಚೆ ಇದ್ದೆವು. ‘ಅಮೀರಾನ ಲಗ್ನದಾಗ ಆದದ್ದು ನಮ್ಮ ದುಲ್ಹೆಭಾಯಿ ತಪ್ಪಲ್ರಿ. ಪ್ಯಾನ್ ಕುಂಡ್ರಸೂದು ತಪ್ಪಿದಾವ ನಾನು. ನನ್ನ ಹೆಸರು ಉಳಿಸಾಕ ಅವರು ಸುಳ್ಳು ಹೇಳಿದ್ರು’ ಎಂದೆ. ಆಮೇಲೆ ಯಾರೋ ಮುದುಕರು ‘ಯಾವ ಲಗ್ನಪಾ? ಏನಾಗಿತ್ತು? ಇರಲಿ ಬಿಡೋ ತಮ್ಮಾ, ಹೊಟ್ಟಿ ಹಸದೈತಿ, ಮೊದಲ ತಾಟ ಹಾಕಸು’ ಅಂದರು. ಮಂದಿ ನಕ್ಕಿತು. ನಿಮ್ಮ ಚನ್ನಬಸವಣ್ಣನವರೂ ನಕ್ಕರಂತೆ. ನೀನು ಏನು ಮಾಡಬೇಕೋ ತಿಳಿಯದೆ ನಿಂತೇ ಇದ್ದೆ ಎಂದು ಅಮೀರಾಳ ಗಂಡ ಹೇಳಿದ.

ನನಗೆ ನಕ್ಕವರ ಮೇಲೆ ಕೆಂಡದಂಥ ಸಿಟ್ಟು ಬಂತು. ಎದ್ದು ಹೋಗಿ ಎಲ್ಲರನ್ನೂ ಬಯ್ಯಬೇಕೆನ್ನಿಸಿತು. ಆಮೇಲೆ ಅರ್ಥವಾಯಿತು, ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಆರು ವರ್ಷ ಅದನ್ನು ನೆನಪಿಟ್ಟುಕೊಂಡಿದ್ದವರು ನಾವಿಬ್ಬರೇ.

ನೀನು ಹೊರಟ ಮೇಲೆ ಒಂದು ಮಾತು ನಡೆಯಿತು. ಅದಕ್ಕಾಗಿಯೇ ಈ ಕಾಗದ. ಸೋಮವಾರ ಹಿರೇವಡ್ಡಟ್ಟಿಯವರು ಹೊರಡುವಾಗ ನಾನು ಅಮೀರಾಳ ಅತ್ತೆ ರೋಶನಬಿಯ ಕೈ ಹಿಡಿದು, ಅವತ್ತು ನಿಮಗೆ ನಮ್ಮಿಂದ ಅವಮಾನವಾಯಿತು ಎಂದೆ. ಆಕೆ ಕಣ್ಣು ಅರಳಿಸಿ ನೋಡಿದಳು. ‘ಅವಮಾನ ಎಲ್ಲೀದವ್ವಾ? ನನಗ ನೆನಪಿರೂದು ಒಂದ. ಇಸಾಕಭಾಯಿ ಹೊಸಾ ಅಂಗಿ ಬಿಚ್ಚಿಟ್ಟು, ಬಕೆಟ್ ಹಿಡದು, ತಾನ ಹಿತ್ತಲಾ ಎಲ್ಲಾ ತೊಳದರು. ಹುಡಗಿ ಅಪ್ಪ ಬೀಗರ ಮುಂದ ಹಂಗ ಮಾಡೂದು ನಾ ಎಲ್ಲೂ ನೋಡಿಲ್ಲ. ಇಂಥಾ ಮನಿ ಹುಡಗೀನ ತಂದೇವಿ, ಭಾಳ ಚಲೋ ಆತು ಅಂತ ಅವತ್ತ ನಮ್ಮ ಮನಿಯವರಿಗೆ ಅಂದೆ’ ಅಂದಳು.

ಕುತುಬು, ಅವರು ತೊಳೆದದ್ದನ್ನು ನಾನು ನೋಡಿಯೇ ಇಲ್ಲ. ಅವರನ್ನು ಬಯ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ. ಹೊರಗೆ ಬಂದಾಗ ಹಿತ್ತಲು ಸ್ವಚ್ಛವಾಗಿತ್ತು, ಅಡುಗೆಯವರು ತೊಳೆದಿರಬೇಕು ಎಂದುಕೊಂಡೆ. ಅವರೂ ಹೇಳಲಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ, ಅದನ್ನು ಮನಸ್ಸಿನಿಂದ ತೆಗೆದುಹಾಕು. ಈ ಸಲದ ರಮಜಾನಿಗೆ ಹಿತ್ತಲಲ್ಲಿ ಇಫ್ತಾರ್ ಮಾಡುತ್ತೇನೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾ. ನನ್ನನ್ನು ಅವರು ಕ್ಷಮಿಸಿದರೋ ಇಲ್ಲವೋ ಕೇಳಿ ತಿಳಿದುಕೊಳ್ಳಲು ದಾರಿಯಿಲ್ಲ.

ಒಂದು ಉಪಕಾರ ಮಾಡು. ನೀವಿಬ್ಬರೂ ಎಷ್ಟೋ ಸಂಜೆ ಅಂಗಡಿಯಲ್ಲಿ ಕೂತು ಮಾತಾಡಿದ್ದೀರಿ. ಅವರ ಬಗ್ಗೆ ನನಗೆ ಗೊತ್ತಿಲ್ಲದ್ದು ಇನ್ನೂ ಏನಾದರೂ ನಿನ್ನ ಹತ್ತಿರ ಇದ್ದರೆ, ಸಣ್ಣದೇ ಇರಲಿ, ಬರೆದು ಕಳಿಸು. ಇಪ್ಪತ್ತನಾಲ್ಕು ವರ್ಷ ಅವರ ಜೊತೆ ಸಂಸಾರ ಮಾಡಿದವಳು ಕೇಳುತ್ತಿದ್ದೇನೆ.

ನಿನ್ನ ಆಪಾ,
ಶಮಶಾದಬಿ